ವಿಜಾಪುರ ಸೀಮೆಯ ಸಾಗಣೆಗಾರರೂ ಅವರ ಮೇಲಣ ಕರಗಳೂ

ಕರ್ನಾಟಕದ ಕರಪದ್ಧತಿಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಭೂಕಂದಾಯವನ್ನೇ ಆಶ್ರಯಿಸಿವೆ. ಒಕ್ಕಲಿಗನ ತರುವಾಯ ವಿದ್ವಾಂಸರ ಗಮನವನ್ನು ಸೆಳೆದವನು ವರ್ತಕ. ಆದರೆ ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಬೆಳೆಯುವವನಲ್ಲ, ಕೊಂಡು ಮಾರುವವನೂ ಅಲ್ಲ. ಪರರ ಸರಕನ್ನು ತನ್ನ ಸ್ವಂತ ಎತ್ತಿನ ಮೇಲಾಗಲಿ, ಬಂಡಿಯಲ್ಲಾಗಲಿ, ಈಚಿನ ಕಾಲದಲ್ಲಿ ಲಾರಿಯಲ್ಲಾಗಲಿ ಹೇರಿಕೊಂಡು, ತಾನೇ ಹೊಡೆದುಕೊಂಡು ಹೋಗಿ, ಬಾಡಿಗೆಯಿಂದ ಜೀವಿಸುವವನು. ರಾಜ್ಯವು ಇವನಿಂದ ಯಾವ ಆಧಾರದ ಮೇಲೆ ಕರವನ್ನು ಎತ್ತಿತು, ಯಾವ ಹೆಸರಿನಿಂದ ಇವನನ್ನು ತನ್ನ ಲೆಕ್ಕದಲ್ಲಿ ಸೇರಿಸಿಕೊಂಡಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿದ್ದೇವೆ. ನಮ್ಮ ಕ್ಷೇತ್ರ ಈಗಿನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳು. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಇವುಗಳಿಂದಲೇ ಬೇರೆಯಾಗಿ ಹೊಸ ತಾಲೂಕುಗಳಾಗಿವೆಯಾದ ಕಾರಣ ಅವುಗಳನ್ನೂ ಇಲ್ಲಿ ಹಳೆಯ ಎಲ್ಲೆಯೊಳಗೇ ಇರಿಸಿಕೊಂಡಿದ್ದೇವೆ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವುಂಟು. ಬಡಗಲ ಭೀಮೆಗೂ ತೆಂಕಲ ಕೃಷ್ಣೆಗೂ ನಡುವೆ ಹಬ್ಬಿರುವ ಈ ಕಪ್ಪು ನೆಲದಲ್ಲಿ ಡೋಣಿ ನದಿ ಹರಿಯುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬರ್ಥದ ಗಾದೆಯೊಂದು ಇಲ್ಲಿ ಪ್ರಚಲಿತವಾಗಿದೆ. ಬೆಳೆದ ವರುಷ ಜೋಳ ಹೊರಗೆ ಹೋಗಬೇಕು, ಬಾರದ ವರುಷ ಹೊರಗಿನಿಂದ ಬರಬೇಕು. ಎರಡಕ್ಕೂ ಸಾಗಣೆಗಾರನೇ ಬೇಕು. ಮಳೆಗಾಲದಲ್ಲಿ ಎರೆಯ ನೆಲದ ಮೇಲೆ ಗಾಲಿ ಉರುಳದು. ಆದುದರಿಂದ ಇಲ್ಲಿಯ ಸಾಗಣೆಯ ಕಸುಬು ಹಿಂದಿನಿಂದಲೂ ಋತುವಿಗೆ ಕಟ್ಟುಬಿದ್ದುದು. ವರುಷದಲ್ಲಿ ಕೆಲವು ತಿಂಗಳು ದುಡಿತ, ಉಳಿದ ತಿಂಗಳು ನಿಲುಗಡೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಚರ್ಚೆಯ ತಿರುಳು ಇದರಲ್ಲಿಯೇ ಇದೆ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಪ್ರದೇಶದ ಬಹುಭಾಗ ತರ್ದವಾಡಿ ಸಾಸಿರಕ್ಕೆ ಸೇರಿತ್ತು. ಅದರ ಮುಖ್ಯ ಸ್ಥಳ ಭೀಮಾತೀರದ ಇಂದಿನ ತದ್ದೇವಾಡಿ. ಆ ಕಾಲದ ಶಾಸನಗಳಲ್ಲಿ ಸರಕಿನ ಮೇಲಣ ತೆರಿಗೆಗಳಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ, ಕಿರುಕುಳ ಮುಂತಾದ ಹೆಸರುಗಳು ಬರುತ್ತವೆ. ಹೆಜ್ಜುಂಕವೆಂದರೆ ಹಿರಿಯ ಸುಂಕ. ಕಿರುಕುಳವೆಂದರೆ ಸಣ್ಣಪುಟ್ಟ ಬಾಬುಗಳದು. ಪನ್ನಾಯಕ್ಕೆ ಎಲೆಯ ವ್ಯಾಪಾರದೊಡನೆ ಸಂಬಂಧವಿದೆ. ವಡ್ಡರಾವುಳದ ಅರ್ಥದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇವುಗಳ ವಸೂಲಿಗೆ ಪ್ರತ್ಯೇಕ ಅಧಿಕಾರಿಗಳಿದ್ದರು. ಭೂಮಿಯ ಸಿದ್ಧಾಯಕ್ಕೂ ಇವುಗಳಿಗೂ ಒಂದು ಮೂಲಭೂತವಾದ ವ್ಯತ್ಯಾಸವಿದೆ. ಸಿದ್ಧಾಯವು ಗೊತ್ತುಪಡಿಸಿದ್ದು, ಸುಂಕವು ಚಲನೆಯನ್ನು ಅವಲಂಬಿಸಿದ್ದು. ಹೇರು ಸುಂಕದ ಠಾಣೆಯನ್ನು ದಾಟಿದರೆ ಸುಂಕ, ದಾಟದಿದ್ದರೆ ಇಲ್ಲ. ಅರಸರೂ ಅಧಿಕಾರಿಗಳೂ ದೇವಾಲಯಗಳಿಗೆ ದತ್ತಿಯಾಗಿ ಇಂತಿಷ್ಟು ಎತ್ತಿನ ಹೇರಿನ ಸುಂಕವನ್ನು ಬಿಟ್ಟರೆಂದು ಕನ್ನಡ ಶಾಸನಗಳಲ್ಲಿ ಅನೇಕ ಕಡೆ ಬರುವುದೂ ಇದನ್ನೇ ಸೂಚಿಸುತ್ತದೆ. ಎಣಿಕೆಯ ಮಾನ ಎತ್ತು, ಕತ್ತೆ, ಕೋಣ, ಬಂಡಿ ಇವೇ. ಒಡೆಯನ ಹೆಸರಾಗಲಿ ಅವನ ವರುಷದ ಗಳಿಕೆಯಾಗಲಿ ಅಲ್ಲಿ ಪ್ರಸ್ತುತವಲ್ಲ.

ಕಣ್ಣಿಗೆ ಕಾಣುವ ಘಟನೆಯನ್ನು ಹಿಡಿದು ಕಾಣಿಕೆ ಎತ್ತುವ ಈ ರೂಢಿ ಸುಂಕಕ್ಕಷ್ಟೇ ಸೀಮಿತವಾಗಿರಲಿಲ್ಲವೆಂಬುದಕ್ಕೆ ಇಂಡಿ ತಾಲೂಕಿನ ಸಾಲೋಟಗಿಯ ಪ್ರಸಿದ್ಧ ಶಾಸನ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ. ಶ. 945ರಲ್ಲಿ, ಅಲ್ಲಿಯ ವಿದ್ಯಾಶಾಲೆಗೆ ಊರವರು ಮದುವೆಗೆ ಇಷ್ಟು, ಉಪನಯನಕ್ಕೆ ಇಷ್ಟು, ಚೌಲಕ್ಕೆ ಇಷ್ಟು ಎಂದು ಕಾಣಿಕೆ ಕೊಡಲು ಒಪ್ಪಿದರು. ಮನೆಯ ಸಂಪತ್ತನ್ನು ಅಳೆಯುವುದು ಕಷ್ಟ. ಮದುವೆ ಆಯಿತೇ ಇಲ್ಲವೇ ಎಂಬುದು ಊರಿಗೆಲ್ಲ ತಿಳಿಯುತ್ತದೆ. ಹೇರಿನ ಸುಂಕದ ತರ್ಕವೂ ಇದೇ ಜಾತಿಯದು.

ಬಾಗೇವಾಡಿ ತಾಲೂಕಿನ ಮನಗೂಳಿ, ಅಂದರೆ ಶಾಸನಗಳ ಮಣಿಂಗವಳ್ಳಿ, ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದು. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. 1161ರ ಅಲ್ಲಿಯ ಶಾಸನವನ್ನು ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕಲಿದೇವರಿಗೆ ಸಂದ ದತ್ತಿಗಳಲ್ಲಿ ಭೂಮಿಯಲ್ಲದೆ ವೃತ್ತಿಯವರೂ ವರ್ತಕರೂ ತಮ್ಮ ತಮ್ಮ ಸರಕಿನ ಮೇಲೆ ತಾವೇ ಒಪ್ಪಿಕೊಂಡ ಆಯಗಳೂ ಇವೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಆಯವನ್ನು ವಿಧಿಸಿದವರು ಕೇವಲ ಅಧಿಕಾರಿಗಳಲ್ಲ ಎಂಬುದು. ಅಯ್ಯಾವೊಳೆ ಐನೂರ್ವರು, ಗವರೆಗಳು, ಮುಮ್ಮುರಿದಂಡಗಳು ಮೊದಲಾದ ಸಮುದಾಯಗಳು ಆ ಕಾಲದಲ್ಲಿ ಸರಕಿನ ಮೇಲೆ ತಮ್ಮೊಳಗೇ ದರವನ್ನು ಗೊತ್ತುಪಡಿಸುವ ಶಕ್ತಿಯನ್ನು ಪಡೆದಿದ್ದುವು. ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ನಾನಾ ದೇಶಗಳನ್ನು ಸುತ್ತುವವರೆಂದು ಶಾಸನಗಳು ಈ ಸಮುದಾಯಗಳನ್ನು ವರ್ಣಿಸುತ್ತವೆ. ಒಬ್ಬಂಟಿಯಾಗಿ ಎತ್ತು ಹೊಡೆಯುವವನೂ ಸುಂಕದ ಕಟ್ಟೆಯ ಮುಂದೆ ಒಬ್ಬಂಟಿಯಾಗಿರಲಿಲ್ಲ. ಅವನ ಪರವಾಗಿ ಮಾತನಾಡುವ ಸಂಘವೊಂದು ಬೆನ್ನಿಗಿತ್ತೆಂದು ಊಹಿಸಲು ಅವಕಾಶವಿದೆ. ಎಲ್ಲ ಕೂಲಿಯ ಎತ್ತಿನವರನ್ನೂ ಈ ಸಂಘಗಳು ಸಮಾನವಾಗಿ ಕಾಣುತ್ತಿದ್ದುವೆಂದು ಹೇಳಲು ಮಾತ್ರ ನಾವು ಸಿದ್ಧರಿಲ್ಲ. ಶಾಸನವನ್ನು ಬರೆಯಿಸಿದವರು ಸೆಟ್ಟಿಗಳು, ಎತ್ತು ಹೊಡೆದವರಲ್ಲ.

ಸುಂಕದ ಭಾಷೆ ಆ ಶತಮಾನದ ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ವಚನ ಸಾಹಿತ್ಯವೇ ನಿದರ್ಶನ. ಬಾಗೇವಾಡಿಯ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅವರ ಸಮಕಾಲೀನರ ಮಂಡಲದಲ್ಲಿ ಸುಂಕವನ್ನೇ ಕಾಯಕವಾಗಿ ಮಾಡಿಕೊಂಡ ಸುಂಕದ ಬಂಕಣ್ಣನೆಂಬ ವಚನಕಾರನಿದ್ದಾನೆ. ಹೇರು, ಸುಂಕ, ಠಾಣೆಗಳ ಪರಿಭಾಷೆಯಿಂದ ಅವನು ಜೀವನ ತತ್ತ್ವವನ್ನು ನಿರೂಪಿಸುತ್ತಾನೆ. ಭಂಡಾರಿಯೂ ಸುಂಕಿಗನೂ ಶರಣರಾಗಬಹುದಾಗಿದ್ದ ಕಾಲವದು. ಅಂಥ ಕಾಲದ ಎತ್ತಿನವನ ಮಾತು ಮಾತ್ರ ನಮಗೆ ದೊರೆಯದಿರುವುದು ವಿಷಾದಕರ.

ಆದಿಲಶಾಹಿ ಮತ್ತು ಮರಾಠರ ಕಾಲದ ಜಕಾತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹೆಸರು ಬದಲಾಯಿತು, ಠಾಣೆಗಳು ನಾಕೆಗಳಾದುವು, ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಲವಾಯಿತು. ಆದರೆ ತೆರಿಗೆಯ ಆಧಾರ ಹೇರೇ ಆಗಿ ಉಳಿಯಿತು. ಈ ಅವಧಿಯಲ್ಲಿ ಮುಖ್ಯವಾದ ಸಂಗತಿ ಲಂಬಾಣಿಗರ ಸಾಗಣೆ. ವಿಜಾಪುರ ಜಿಲ್ಲೆಯಲ್ಲಿ ಇಂದಿಗೂ ಕಾಣುವ ತಾಂಡಾಗಳು ಮೂಲತಃ ಎತ್ತಿನ ಸಾಗಣೆಯ ಪಾಳೆಯಗಳು. ಎತ್ತುಗಳು ಆಯಾ ಕುಟುಂಬದ ಸ್ವತ್ತು. ಒಪ್ಪಂದ ಮಾಡುವವನು ತಾಂಡಾದ ನಾಯಕ. ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಬೇರೆಡೆಗೂ ಸಾಗಿಸುತ್ತ ಇವರು ಕೆಲವೊಮ್ಮೆ ಬಾಡಿಗೆಗೂ ಕೆಲವೊಮ್ಮೆ ಸ್ವಂತ ವ್ಯಾಪಾರಕ್ಕೂ ನಡೆದರು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಕಾರ್ನವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರು ಇಂಥ ಬಂಜಾರರೇ. ಸ್ವತ್ತು ಮನೆಮನೆಯದು, ಮಾತು ನಾಯಕನದು. ಇದು ಒಂದು ಬಗೆಯ ವ್ಯವಹಾರ ರಚನೆ. ನಮ್ಮ ಅಭಿಪ್ರಾಯದಲ್ಲಿ ಇಂದಿನ ಲಾರಿಯವನ ಸ್ಥಿತಿಯನ್ನು ತಿಳಿಯಲು ಅಯ್ಯಾವೊಳೆಯ ಸಂಘಕ್ಕಿಂತ ತಾಂಡಾವೇ ಹೆಚ್ಚು ಸಮೀಪದ ಹೋಲಿಕೆ.

ಒಳನಾಡಿನ ಸಾಗಣೆ ಸುಂಕಗಳನ್ನು ಮುಂಬಯಿ ಪ್ರಾಂತದಲ್ಲಿ ಕಂಪನಿ ಸರಕಾರವು 1838ರ ಕಾಯಿದೆಯಿಂದ ರದ್ದುಗೊಳಿಸಿತು. ವಿಜಾಪುರವು ಆಗ ಸತಾರೆಯ ಅರಸನ ಅಧೀನದಲ್ಲಿದ್ದು, 1848ರಲ್ಲಿ ಮಾತ್ರ ಬ್ರಿಟಿಷರ ನೇರ ಆಡಳಿತಕ್ಕೆ ಬಂದಿತು. ಸುಂಕ ಹೋಯಿತಾದರೂ ರಸ್ತೆ ಬಂದೊಡನೆ ಟೋಲು ಬಂದಿತು. 1875ರ ಮುಂಬಯಿ ರಸ್ತೆ ಮತ್ತು ಸೇತುವೆಗಳ ಟೋಲು ಕಾಯಿದೆ ಇದಕ್ಕೆ ಆಧಾರ. 1884ರಲ್ಲಿ ಹೊಟಗಿ-ಗದಗ ರೈಲುಮಾರ್ಗ ತೆರೆಯಿತು. ಇಂಡಿ ತಾಲೂಕಿನ ಮೂಲಕವೂ ಬಾಗೇವಾಡಿ ತಾಲೂಕಿನ ಮೂಲಕವೂ ಹಾಯುವ ಈ ಮಾರ್ಗ ಲಂಬಾಣಿಗರ ದೂರದ ಸಾಗಣೆಗೆ ಕೊನೆಯ ಪೆಟ್ಟನ್ನು ಕೊಟ್ಟಿತು. ರೈಲಿನಿಂದ ದೂರವಾದ ಸಿಂದಗಿ, ಮುದ್ದೇಬಿಹಾಳಗಳಲ್ಲಿ ಬಂಡಿಯವನಿಗೆ ನಿಲ್ದಾಣದ ವರೆಗಿನ ಹಾದಿ ಉಳಿಯಿತು. ಈ ಉಳಿದ ಹಾದಿಯನ್ನೇ ಮುಂದೆ ಲಾರಿ ಹಿಡಿಯಿತು.

ಮೋಟಾರು ವಾಹನ ಬಂದಾಗ ಕರದ ಆಧಾರದಲ್ಲಿ ಒಂದು ದೊಡ್ಡ ಪಲ್ಲಟವಾಯಿತು. 1935ರ ಮುಂಬಯಿ ಮೋಟಾರು ವಾಹನ ತೆರಿಗೆ ಕಾಯಿದೆಯೂ, ರಾಜ್ಯ ಪುನರ್ವಿಂಗಡಣೆಯ ತರುವಾಯ 1957ರ ಮೈಸೂರು ಮೋಟಾರು ವಾಹನ ತೆರಿಗೆ ಕಾಯಿದೆಯೂ ವಾಹನದ ತೂಕವನ್ನೂ ಕಾಲಾವಧಿಯನ್ನೂ ಹಿಡಿದು ಕರ ವಿಧಿಸಿದುವು. ಹೇರು ಎಷ್ಟು, ಎಷ್ಟು ಸಲ ಎಂಬ ಪ್ರಶ್ನೆ ಹಿಂದೆ ಸರಿದು, ಹೊರಬಲ್ಲ ಶಕ್ತಿ ಎಷ್ಟು ಎಂಬುದು ಮುಂದೆ ಬಂದಿತು. ಚಲನೆಯ ಕರ ಸಾಮರ್ಥ್ಯದ ಕರವಾಯಿತು. ನಾಕೆಯಲ್ಲಿ ನಿಲ್ಲುವ ತೊಂದರೆ ತಪ್ಪಿತೆಂಬ ದೃಷ್ಟಿಯಿಂದ ಇದು ಸುಧಾರಣೆಯೇ. ಆದರೆ ಋತುವಿನ ಮೇಲೆ ನಿಂತ ಕಸುಬಿಗೆ ಋತುವಿಲ್ಲದ ಕರ ತಗುಲಿತೆಂಬುದನ್ನೂ ಹೇಳಬೇಕಾಗುತ್ತದೆ. ಕಾನೂನು ಇದನ್ನು ಪೂರ್ತಿ ಮರೆಯಲಿಲ್ಲ. ವಾಹನವನ್ನು ರಸ್ತೆಗೆ ಇಳಿಸುವುದಿಲ್ಲವೆಂದು ಮುಂಚಿತವಾಗಿ ತಿಳಿಸಿ ಕಾಗದಪತ್ರಗಳನ್ನು ಒಪ್ಪಿಸಿದವನಿಗೆ ಆ ಅವಧಿಯ ವಾಹನ ತೆರಿಗೆಯಿಂದ ಬಿಡುಗಡೆಯ ಮಾರ್ಗವಿತ್ತು. ಪುರಸಭೆಗಳ ಜಕಾತಿಯಾದರೋ ಬಹುಕಾಲ ಉಳಿದುಕೊಂಡಿತು. ಕೇಸ್ಕರ ಸಮಿತಿಯಂಥ ವಿಚಾರಣಾ ಸಮಿತಿಗಳು 1960ರ ದಶಕದಲ್ಲಿಯೇ ಅದನ್ನು ಸಾಗಣೆಗೆ ತೊಡಕೆಂದು ಎತ್ತಿ ತೋರಿಸಿದರೂ ಕರ್ನಾಟಕದಲ್ಲಿ ಜಕಾತಿ ರದ್ದಾದುದು 1979ರಲ್ಲಿ. ಅದೇ ವರುಷ ಪ್ರವೇಶ ತೆರಿಗೆ ಅದರ ಸ್ಥಾನಕ್ಕೆ ಬಂದಿತು.

1939ರ ಮೋಟಾರು ವಾಹನ ಕಾಯಿದೆ ಬಾಡಿಗೆಗೆ ಲಾರಿ ಓಡಿಸುವವನಿಗೆ ಪರ್ಮಿಟ್ಟನ್ನು ಕಡ್ಡಾಯ ಮಾಡಿತು. ಒಂದು ಪ್ರದೇಶದ ಪರ್ಮಿಟ್ಟು ಇನ್ನೊಂದರಲ್ಲಿ ನಡೆಯಬೇಕಾದರೆ ಅಲ್ಲಿಯ ಪ್ರಾಧಿಕಾರದ ಮೇಲುಸಹಿ ಬೇಕು. ಈ ನಿಯಮದ ಭಾರ ನಮ್ಮ ನಾಲ್ಕು ತಾಲೂಕುಗಳ ಮೇಲೆ ಬಿದ್ದುದು 1956ರ ನವೆಂಬರ್ 1ರಂದು. ಅಂದಿನವರೆಗೆ ಇಂಡಿಯೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದುವು. ಭೀಮೆಯಾಚೆಯ ಸೊಲ್ಲಾಪುರ ಇಂಡಿ ಮತ್ತು ಸಿಂದಗಿಗಳ ಸಹಜವಾದ ಪೇಟೆ. ಕನ್ನಡ ನಾಡು ಒಂದಾದ ಆ ಶುಭದಿನವೇ ಭೀಮೆಯನ್ನು ರಾಜ್ಯಗಳ ಗಡಿಯನ್ನಾಗಿಯೂ ಮಾಡಿತು. ನಾವು ಏಕೀಕರಣವನ್ನು ಆಕ್ಷೇಪಿಸುತ್ತಿಲ್ಲ. ಅದರ ಲೆಕ್ಕದಲ್ಲಿ ಬರೆಯದೆ ಬಿಟ್ಟ ಒಂದು ಸಾಲನ್ನು ಸೇರಿಸುತ್ತಿದ್ದೇವೆ. ನೆರೆಯೂರಿಗೆ ಹೋಗಿಬರುತ್ತಿದ್ದ ಲಾರಿಯವನು ಅಂದಿನಿಂದ ಅಂತರರಾಜ್ಯ ಸಾಗಣೆಗಾರನಾದನು. ಎರಡು ರಾಜ್ಯಗಳ ಒಪ್ಪಂದ, ಎರಡು ಕಡೆಯ ಮೇಲುಸಹಿ, ಎರಡು ಕಡೆಯ ತೆರಿಗೆಯ ಪ್ರಶ್ನೆ ಅವನ ಪಾಲಿಗೆ ಬಂದುವು. ದೊಡ್ಡ ಸಾಗಣೆ ಸಂಸ್ಥೆಗೆ ಇದು ಒಬ್ಬ ಗುಮಾಸ್ತನ ಕೆಲಸ. ಒಂಟಿ ಲಾರಿಯವನಿಗೆ ಕಚೇರಿಗೆ ಹೋದ ದಿನವೆಂದರೆ ಬಾಡಿಗೆ ತಪ್ಪಿದ ದಿನ. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ಟಿನ ಯೋಜನೆ ಬಂದುದು, 1988ರ ಹೊಸ ಕಾಯಿದೆ ಪರ್ಮಿಟ್ಟನ್ನು ಸಡಿಲಗೊಳಿಸಿದುದು, 2010ರಲ್ಲಿ ರಾಷ್ಟ್ರೀಯ ಪರ್ಮಿಟ್ಟಿಗೆ ವರುಷಕ್ಕೆ 15,000 ರೂಪಾಯಿಯ ಒಟ್ಟು ಶುಲ್ಕ ಗೊತ್ತಾದುದು, ಇವು ಈ ತೊಡಕನ್ನು ಹಂತಹಂತವಾಗಿ ಕಡಿಮೆ ಮಾಡಿದ ಘಟನೆಗಳು. ಸೊಲ್ಲಾಪುರ ರಸ್ತೆಯಲ್ಲಿ ಭೀಮೆಯ ದಡದ ಧೂಳಖೇಡದ ತನಿಖಾ ಠಾಣೆ ಮಾತ್ರ ಈ ಸೀಮೆಯ ಲಾರಿಯವರ ಬಾಯಲ್ಲಿ ಬಹುಕಾಲ ನಿಂತ ಹೆಸರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದು ವಾಣಿಜ್ಯ ತೆರಿಗೆಯ ಠಾಣೆಗಳು ಎದ್ದುಹೋದ ಮೇಲೂ ಸಾರಿಗೆ ಇಲಾಖೆಯ ಠಾಣೆ ಅಲ್ಲಿ ಉಳಿದುಕೊಂಡಿತು.

ಇನ್ನು ವ್ಯವಹಾರದ ರಚನೆಯ ಮಾತು. ಎಂ. ಆರ್. ಮಸಾನಿಯವರ ಅಧ್ಯಕ್ಷತೆಯ ರಸ್ತೆ ಸಾರಿಗೆ ಪುನಸ್ಸಂಘಟನಾ ಸಮಿತಿ 1959ರಲ್ಲಿ ವರದಿ ಮಾಡುವಾಗ ಭಾರತದ ಲಾರಿ ಸಾಗಣೆ ಒಂದೆರಡು ವಾಹನಗಳ ಸಣ್ಣ ಒಡೆಯರ ಕೈಯಲ್ಲಿ ಚದರಿರುವುದನ್ನು ಕಂಡಿತು. ಇವರನ್ನು ದೊಡ್ಡ ಘಟಕಗಳಾಗಿ ಕೂಡಿಸಬೇಕೆಂದಿತು. ಅಂದಿನಿಂದ ಅನೇಕ ತಜ್ಞರು ಇದೇ ಮಾತನ್ನು ಪುನರುಚ್ಚರಿಸಿದ್ದಾರೆ. ಒಂಟಿ ಒಡೆಯ ಮಾತ್ರ ಉಳಿದೇ ಇದ್ದಾನೆ. ನಮ್ಮ ನಾಡಿನಲ್ಲಿ ಒಂದು ಲಾರಿಯಿಂದ ಹೊರಟು ಬೆಳೆದ ಉದಾಹರಣೆಯಿಲ್ಲವೆಂದಲ್ಲ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯ ಸಂಕೇಶ್ವರರ ಉದ್ಯಮ 1983ರಲ್ಲಿ ಖಾಸಗಿ ಕಂಪನಿಯಾಗಿ, 2015ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿದ ವಿ. ಆರ್. ಎಲ್. ಲಾಜಿಸ್ಟಿಕ್ಸ್ ಆಗಿ ಬೆಳೆಯಿತು. ಅಪವಾದವಾದುದರಿಂದಲೇ ಈ ಉದಾಹರಣೆ ಎಲ್ಲರ ಬಾಯಲ್ಲಿದೆ.

ಹೆಚ್ಚಿನವರು ಏಕೆ ಕಂಪನಿಯಾಗಲಿಲ್ಲ, ಪಾಲುದಾರಿಕೆಯನ್ನೂ ಏಕೆ ಮಾಡಿಕೊಳ್ಳಲಿಲ್ಲ? ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಪರ್ಮಿಟ್ಟು ವ್ಯಕ್ತಿಯ ಹೆಸರಿನಲ್ಲಿರುತ್ತದೆ. ಪ್ರಾಧಿಕಾರದ ಅನುಮತಿಯಿಲ್ಲದೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು. ಪಾಲುದಾರರ ಸಂಸ್ಥೆಯ ಆದಾಯಕ್ಕೆ ವ್ಯಕ್ತಿಗೆ ದೊರೆಯುವಂಥ ಕರವಿನಾಯಿತಿಯ ಮಿತಿಯಿಲ್ಲ, ಮೊದಲ ರೂಪಾಯಿಯಿಂದಲೇ ಏಕದರದ ಕರ. ಕಂಪನಿಯಾದರೆ ಲೆಕ್ಕ ಪರಿಶೋಧನೆ ತಪ್ಪದು. ಹೀಗೆ ಒಬ್ಬಂಟಿಯಾಗಿರುವುದು ಒಂದು ಲಾರಿಯವನಿಗೆ ಅಗ್ಗದ ಮಾರ್ಗ. ಆದರೆ ಆ ಅಗ್ಗಕ್ಕೆ ಬೆಲೆಯುಂಟು. ಅವನು ದುಡಿಮೆಗಾರನಾದರೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ರಕ್ಷಣೆ ಅವನಿಗೆ ದೊರೆಯಲಿಲ್ಲ. ಅದು ಐವರು ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮಕ್ಕೆ ಅನ್ವಯಿಸುವಂತೆ ರಚಿತವಾಗಿತ್ತು. ಅವನು ಮಡಿದರೆ ವ್ಯವಹಾರವೂ ಮಡಿಯುತ್ತದೆ. 1988ರ ಕಾಯಿದೆಯ 82ನೆಯ ಪ್ರಕರಣದಂತೆ ಪರ್ಮಿಟ್ಟುದಾರನು ಸತ್ತಲ್ಲಿ ವಾಹನಕ್ಕೆ ಉತ್ತರಾಧಿಕಾರಿಯಾದವರು 30 ದಿನಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಿ, 3 ತಿಂಗಳು ಅದೇ ಪರ್ಮಿಟ್ಟಿನ ಮೇಲೆ ಓಡಿಸಬಹುದು. ದುಃಖದ ಮನೆಯಲ್ಲಿ ಈ 30 ದಿನಗಳ ಅವಧಿಯನ್ನು ನೆನಪಿಟ್ಟುಕೊಳ್ಳುವವರು ಯಾರು? ಸಾಲ ಕೊಟ್ಟವನು ಮಾತ್ರ ದಿನ ಎಣಿಸುತ್ತಾನೆ.

ಆದಾಯಕರಕ್ಕೆ ಬಂದರೆ ನಮ್ಮ ವಿಷಯದ ಮರ್ಮಸ್ಥಾನವನ್ನು ಮುಟ್ಟಿದಂತಾಗುತ್ತದೆ. ಲಾರಿಯವನು ಡೀಸೆಲ್, ಟಯರು, ದಾರಿಯ ಖರ್ಚುಗಳಿಗೆ ರಶೀದಿ ಇಟ್ಟುಕೊಂಡು ಖಾತೆ ಬರೆಯುವವನಲ್ಲ. 1994ರ ಹಣಕಾಸು ಕಾಯಿದೆ ಇದನ್ನು ಒಪ್ಪಿಕೊಂಡು 1961ರ ಆದಾಯಕರ ಕಾಯಿದೆಗೆ 44ಎಇ ಎಂಬ ಪ್ರಕರಣವನ್ನು ಸೇರಿಸಿತು. ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದವನು ಖಾತೆ ಇಡಬೇಕಾಗಿಲ್ಲ; ಪ್ರತಿ ಭಾರಿ ಲಾರಿಗೆ ತಿಂಗಳಿಗೆ 2,000 ರೂಪಾಯಿ, ಇತರ ಸರಕು ವಾಹನಕ್ಕೆ 1,800 ರೂಪಾಯಿ ಆದಾಯ ಬಂದಿತೆಂದು ಗಣಿಸಲಾಗುವುದು. ಒಂದು ಲಾರಿಗೆ ವರುಷಕ್ಕೆ 24,000 ರೂಪಾಯಿ. ಅಂದಿನ ಕರವಿನಾಯಿತಿಯ ಮಿತಿಯೊಳಗೇ ಇದ್ದ ಮೊತ್ತ. ಕಡಿಮೆ ಆದಾಯವೆನ್ನುವವನು ಖಾತೆಯನ್ನಿಟ್ಟು ಪರಿಶೋಧನೆ ಮಾಡಿಸಬೇಕು. ದರ ಮುಂದೆ ಹಲವು ಸಲ ಏರಿ, 2014-15ರ ವರುಷದಿಂದ ಎಲ್ಲ ವಾಹನಕ್ಕೂ ತಿಂಗಳಿಗೆ 7,500 ರೂಪಾಯಿಯಾಯಿತು. 2018-19ರಿಂದ 12,000 ಕಿಲೋಗ್ರಾಮಿಗೆ ಮೀರಿದ ಒಟ್ಟು ತೂಕದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿಯೆಂದು ಆಧಾರವನ್ನೇ ಬದಲಿಸಲಾಯಿತು.

ಈ ಬದಲಾವಣೆಯ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡಬಹುದು. 25 ಟನ್ನಿನ ಲಾರಿಯೊಂದರ ಗಣಿತ ಆದಾಯ ಹಿಂದಿನ ದರದಲ್ಲಿ ವರುಷಕ್ಕೆ 90,000 ರೂಪಾಯಿ. ಹೊಸ ದರದಲ್ಲಿ 3,00,000 ರೂಪಾಯಿ. ಬೀದಿಯಲ್ಲಿ ಬಾಡಿಗೆ ಮೂರುಪಟ್ಟು ಏರಿರಲಿಲ್ಲ. ಕಾಗದದ ಮೇಲೆ ಆದಾಯ ಮೂರುಪಟ್ಟಿಗೂ ಹೆಚ್ಚಾಯಿತು. ಆ ವರುಷದ ವಿನಾಯಿತಿಯ ಮಿತಿ 2,50,000 ರೂಪಾಯಿ. ಬೇರೆ ಆದಾಯವಿಲ್ಲದ ಒಂಟಿ ಲಾರಿಯವನಿಗೆ ರಿಯಾಯಿತಿಯಿಂದಾಗಿ ಕೊಡಬೇಕಾದ ಕರ ಶೂನ್ಯವೇ ಆಗಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಎರಡನೆಯ ಲಾರಿ ಕೊಂಡೊಡನೆ ಅವನ ಗಣಿತ ಆದಾಯ 6,00,000ಕ್ಕೆ ಏರುತ್ತಿತ್ತು.

ಇದಕ್ಕಿಂತ ಗಂಭೀರವಾದ ಅಂಶ ಇನ್ನೊಂದಿದೆ. ಈ ಪ್ರಕರಣವು ಎಣಿಸಿದುದು ಲಾರಿ ಓಡಿದ ತಿಂಗಳುಗಳನ್ನಲ್ಲ, ಅವನು ಲಾರಿಯ ಒಡೆಯನಾಗಿದ್ದ ತಿಂಗಳುಗಳನ್ನು. ತಿಂಗಳ ಒಂದು ಭಾಗವೂ ಪೂರ್ಣ ತಿಂಗಳೇ. ಕಂತಿನ ಸಾಲದಲ್ಲಿ ಕೊಂಡ ಲಾರಿಗೆ, ಸಾಲ ತೀರದಿದ್ದರೂ, ಅದನ್ನು ವಶದಲ್ಲಿಟ್ಟುಕೊಂಡವನೇ ಒಡೆಯ. ಇಂಡಿ, ಸಿಂದಗಿಗಳ ಲಿಂಬೆ ಇಳಿಮುಖವಾದಾಗಲೂ, ಕಬ್ಬಿನ ಹಂಗಾಮು ಮುಗಿದ ಮೇಲೂ, ಬರಗಾಲದಲ್ಲಿ ಡೋಣಿಯ ಜೋಳ ಬಾರದಿದ್ದಾಗಲೂ ಬೇವಿನ ಮರದ ಕೆಳಗೆ ನಿಂತ ಲಾರಿ ಕಾನೂನಿನ ಕಣ್ಣಿನಲ್ಲಿ ಗಳಿಸುತ್ತಲೇ ಇತ್ತು. ರಾಜ್ಯದ ವಾಹನ ತೆರಿಗೆ ನಿಂತ ವಾಹನಕ್ಕೆ ಒಂದು ಬಾಗಿಲನ್ನು ತೆರೆದಿಟ್ಟಿತ್ತೆಂದು ಮೇಲೆ ಹೇಳಿದೆವು. ಕೇಂದ್ರದ ಆದಾಯಕರಕ್ಕೆ ಆ ಬಾಗಿಲಿರಲಿಲ್ಲ. ಒಂದೇ ಲಾರಿ, ಒಂದೇ ತಿಂಗಳು, ಒಂದು ಸರಕಾರದ ದಫ್ತರದಲ್ಲಿ ನಿಂತಿದೆ, ಇನ್ನೊಂದರಲ್ಲಿ ದುಡಿಯುತ್ತಿದೆ. ಹನ್ನೆರಡನೆಯ ಶತಮಾನದ ಸುಂಕಿಗನ ಮುಂದೆ ಇಂಥ ಪ್ರಶ್ನೆ ಏಳುತ್ತಿರಲಿಲ್ಲ. ಬಾರದ ಎತ್ತಿಗೆ ಅವನು ಸುಂಕ ಬರೆಯುತ್ತಿರಲಿಲ್ಲ.

ರಚನೆಯೂ ಕರವೂ ಒಂದನ್ನೊಂದು ಮುಟ್ಟುವ ಸೂಕ್ಷ್ಮವಾದ ಸ್ಥಳವೊಂದು ಇದೇ ಪ್ರಕರಣದಲ್ಲಿದೆ. ಪಾಲುದಾರಿಕೆ ಸಂಸ್ಥೆಯಾದರೆ ಗಣಿತ ಆದಾಯದಿಂದ ದುಡಿಯುವ ಪಾಲುದಾರನ ಸಂಬಳವನ್ನೂ ಬಡ್ಡಿಯನ್ನೂ ಮಿತಿಯೊಳಗೆ ಕಳೆಯಲು ಅವಕಾಶವಿತ್ತು. ತಂದೆ ಮಗ ಪಾಲುದಾರರಾಗಿ, ಮಗ ಲಾರಿ ನಡೆಸಿದರೆ ಅವನ ದುಡಿಮೆಗೆ ಲೆಕ್ಕದಲ್ಲಿ ಒಂದು ಬೆಲೆ ಬಂದಿತು. ಒಬ್ಬನೇ ಒಡೆಯನಾಗಿ ತಾನೇ ಲಾರಿ ನಡೆಸುವವನ ದುಡಿಮೆಗೆ ಬೆಲೆಯಿಲ್ಲ. ಅವನು ತನಗೆ ತಾನು ಸಂಬಳ ಕೊಟ್ಟುಕೊಳ್ಳಲಾರನು. ರಾತ್ರಿಯೆಲ್ಲ ಎಚ್ಚರವಿದ್ದು ಹಾದಿ ಸವೆಸಿದವನ ಕೂಲಿಯೂ ಬಂಡವಾಳದ ಲಾಭವೂ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ. 1961ರ ಕಾಯಿದೆಯ ಸ್ಥಾನವನ್ನು 2026ರ ಏಪ್ರಿಲ್ 1ರಿಂದ ಪಡೆಯುವಂತೆ 2025ರ ಆದಾಯಕರ ಕಾಯಿದೆ ರಚಿತವಾದಾಗಲೂ ಗಣಿತ ಆದಾಯದ ಈ ಪದ್ಧತಿ ಕೈಬಿಡಲ್ಪಡಲಿಲ್ಲ.

ಸೇವಾ ತೆರಿಗೆಯ ಚರಿತ್ರೆ ಇದಕ್ಕೆ ಭಿನ್ನವಾದ ಪಾಠ ಹೇಳುತ್ತದೆ. 1997ರ ನವೆಂಬರಿನಲ್ಲಿ ಸಾಗಣೆಯ ಮೇಲೆ ವಿಧಿಸಿದ ಸೇವಾ ತೆರಿಗೆ ವಿರೋಧದಿಂದಾಗಿ 1998ರ ಜೂನಿನಲ್ಲಿ ಹಿಂದೆ ಸರಿಯಿತು. 2004ರಲ್ಲಿ ಮತ್ತೆ ಬಂದಾಗ ಆಗಸ್ಟಿನಲ್ಲಿ ಲಾರಿ ಮಾಲಕರು ಮುಷ್ಕರ ಹೂಡಿದರು. 2005ರ ಜನವರಿ 1ರಿಂದ ಜಾರಿಗೆ ಬಂದ ರೂಪದಲ್ಲಿ ಕರದ ವಸ್ತು ಲಾರಿಯವನಲ್ಲ, ಎಲ್. ಆರ್. ಎಂದು ಕರೆಯುವ ಸಾಗಣೆ ರಶೀದಿಯನ್ನು ಕೊಡುವ ಸಾಗಣೆ ಏಜೆನ್ಸಿ. ಈ ವ್ಯಾಖ್ಯೆ 2017ರ ಸರಕು ಮತ್ತು ಸೇವಾ ತೆರಿಗೆಗೂ ಇಳಿದು ಬಂದಿತು. ರಶೀದಿ ಕೊಡದೆ ಸಾಗಿಸುವವನ ಸೇವೆಗೂ, ಏಜೆನ್ಸಿಗೆ ಲಾರಿಯನ್ನು ಬಾಡಿಗೆಗೆ ಬಿಡುವವನ ಸೇವೆಗೂ ವಿನಾಯಿತಿ ದೊರೆಯಿತು. ಒಂದು ತುಂಡು ಕಾಗದ ಕೊಡುವವನಿಗೂ ಕೊಡದವನಿಗೂ ನಡುವೆ ಕಾನೂನು ಗೆರೆ ಎಳೆಯಿತು. ಬಾಡಿಗೆಯನ್ನು ಕೊಡುವಾಗ ಮೂಲದಲ್ಲಿ ಆದಾಯಕರ ಮುರಿದುಕೊಳ್ಳುವ ವಿಷಯದಲ್ಲಿಯೂ, ಹತ್ತು ಅಥವಾ ಕಡಿಮೆ ವಾಹನಗಳ ಒಡೆಯನು ಪಾನ್ ಸಂಖ್ಯೆಯೊಡನೆ ಹೇಳಿಕೆ ಕೊಟ್ಟರೆ ಮುರಿಯಬೇಕಾಗಿಲ್ಲವೆಂಬ ನಿಯಮ 2015ರ ಜೂನ್ 1ರಿಂದ ಬಂದಿತು. ಇವು ಸಣ್ಣ ಒಡೆಯನಿಗೆ ನಿಜವಾದ ಉಪಕಾರಗಳು. ಆದರೆ ವಾಚಕರು ಇನ್ನೊಂದು ಮುಖವನ್ನೂ ಗಮನಿಸಬೇಕು. ರಶೀದಿ ಏಜೆನ್ಸಿಯದಾದರೆ ಸರಕಿನವನೊಡನೆ ನೇರ ಸಂಬಂಧವೂ ಏಜೆನ್ಸಿಯದೇ. ಕರದಿಂದ ಪಾರಾದ ಲಾರಿಯವನು ಬಾಡಿಗೆಯ ಚೌಕಾಶಿಯಿಂದಲೂ ದೂರ ಉಳಿದನು. ತಾಂಡಾದ ನಾಯಕನು ಒಪ್ಪಂದ ಮಾಡುವಾಗ ತಾಂಡಾದವನಾಗಿದ್ದನು. ಬುಕಿಂಗ್ ಏಜೆಂಟನಿಗೆ ಅಂಥ ಬಂಧವಿಲ್ಲ.

ಚಲನೆಯ ಕರ ಪೂರ್ತಿ ಅಳಿದಿದೆಯೆಂದು ಯಾರೂ ಭಾವಿಸಬಾರದು. ಡೀಸೆಲಿನ ಮೇಲಣ ತೆರಿಗೆಗಳು ಹಾದಿಯುದ್ದಕ್ಕೂ ಕಾಣದಂತೆ ಸಂದಾಯವಾಗುತ್ತವೆ. ಡೀಸೆಲು ಸರಕು ಮತ್ತು ಸೇವಾ ತೆರಿಗೆಯ ಹೊರಗೇ ಉಳಿದುದರಿಂದ ಈ ಹೊರೆಯನ್ನು ಬೇರೆ ಕರದಲ್ಲಿ ಮುರಿದುಕೊಳ್ಳುವಂತಿಲ್ಲ. ಸೊಲ್ಲಾಪುರದಿಂದ ವಿಜಯಪುರಕ್ಕೂ ಅಲ್ಲಿಂದ ಮನಗೂಳಿ, ನಿಡಗುಂದಿಗಳ ಮೇಲೆ ಹೊಸಪೇಟೆಯತ್ತಲೂ ಸಾಗುವ ಹೆದ್ದಾರಿಗಳಲ್ಲಿ ಟೋಲು ಕಟ್ಟೆಗಳೆದ್ದಿವೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ, ಲಾರಿ ದಾಟುತ್ತಿದ್ದಂತೆ ಹಣ ಕತ್ತರಿಸಿಹೋಗುತ್ತದೆ. ಕ್ರಿ. ಶ. 1161ರಲ್ಲಿ ಆಯಗಳನ್ನು ಕಲ್ಲಿನಲ್ಲಿ ಕಡೆಯಿಸಿದ ಮನಗೂಳಿಯ ಹಾದಿಯಲ್ಲಿಯೇ ಹಿರಿಯ ಸುಂಕ ಹೊಸ ರೂಪದಿಂದ ಮರಳಿ ಬಂದಿತೆಂದರೆ ಅತಿಶಯೋಕ್ತಿಯಾಗಲಾರದು. ವ್ಯತ್ಯಾಸವೊಂದುಂಟು. ಹೆಜ್ಜುಂಕ ಹೇರಿಗೆ ಬೀಳುತ್ತಿತ್ತು; ಟೋಲು ಅಚ್ಚುಗಳ ಸಂಖ್ಯೆಗೆ ಬೀಳುತ್ತದೆ. ಸರಕು ದೊರೆಯದೆ ಬರಿದಾಗಿ ಊರಿಗೆ ಮರಳುವ ಲಾರಿಯೂ ತುಂಬಿದ ಲಾರಿಯಷ್ಟೇ ತೆರಬೇಕು.

ಈ ಲೇಖನದಲ್ಲಿ ನಾವು ಮುಖ್ಯವಾಗಿ ಶಾಸನಗಳನ್ನೂ ಕಾಯಿದೆಗಳನ್ನೂ ಆಧರಿಸಿದ್ದೇವೆ. ಎರಡೂ ಕರ ಎತ್ತುವವರ ಬರಹಗಳು. ತೆರುವವರ ಬರಹಗಳೂ ಇಲ್ಲದಿಲ್ಲ. ಇಂಡಿ, ಸಿಂದಗಿ, ತಾಳಿಕೋಟೆಗಳ ಹಳೆಯ ಅಡತಿ ಅಂಗಡಿಗಳ ಕೀರ್ದಿಗಳಲ್ಲಿ ಬಂಡಿಬಾಡಿಗೆಯ ಬಾಬು ಇರುತ್ತದೆ. ಹಳೆಯ ಲಾರಿಗಳ ಪರ್ಮಿಟ್ಟುಗಳು, ತೆರಿಗೆಯ ರಶೀದಿಗಳು, ಜಕಾತಿ ಪಾವತಿಗಳು ಮನೆಗಳ ಟ್ರಂಕುಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಈ ತಾಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಸಾಗಣೆಗಾರರ ಮಕ್ಕಳು ಕಡಿಮೆಯಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅಂಥ ಕಾಗದಗಳ ನಕಲನ್ನು, ವರುಷ ಮತ್ತು ಊರಿನ ಹೆಸರಿನೊಡನೆ, ವಿಭಾಗಕ್ಕೆ ತಂದೊಪ್ಪಿಸಿದಲ್ಲಿ ಮುಂದಿನ ಸಂಚಿಕೆಗಳಲ್ಲಿ ಅವುಗಳನ್ನು ಪರಿಶೀಲಿಸಲು ಅನುಕೂಲವಾಗುವುದು.